ಬಣ್ಣ ಬರುವ ಮೊದಲು

ಎದೆನೋವು ಅಂತ ಬಂದವನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ನಗಬಾರದು. ಲೂಸಿಯೆನ್ ತಿಬೊಡೋ ನಗುತ್ತಿದ್ದ. ಅವನ ಹೆಂಡತಿ ಜಿನೆಟ್ ಹೆದರಲು ಅಷ್ಟು ಸಾಕಿತ್ತು. ಮುಖ ಸುಣ್ಣದಂತೆ ಬಿಳಿಚಿದೆ, ನವೆಂಬರಿನ ಚಳಿಯಲ್ಲೂ ಅಂಗಿ ಬೆವರಿಗೆ ಬೆನ್ನಿಗಂಟಿದೆ, ಆದರೂ ಈ ಮಹಾರಾಯ ಡಾಕ್ಟರಿಗೆ ಇಲಿ ಪುರಾಣ ಬಿಚ್ಚಿಕೊಂಡು ಕೂತಿದ್ದಾನೆ!

“ಅದು ಹೃದಯ ಅಲ್ಲ ಡಾಕ್ಟರೇ, ಇಲಿ. ನನ್ನ ರಕ್ತದಲ್ಲಿ ಇಲಿ ಇದೆ. ನಿಮ್ಮ ಮಷೀನಿಗೆ ಅದು ಗೊತ್ತಾಗಲ್ಲ, ಪಾಪ.”

ಡಾಕ್ಟರ್ ಹ್ಯಾಸ್ಕೆಲ್ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಅವಳು ನಗಲಿಲ್ಲ. “ನಿಮ್ಮ ಟ್ರೋಪೋನಿನ್ ಜಾಸ್ತಿ ಬಂದಿದೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರೋ ಪ್ರೋಟೀನು ಅದು. ಈಗಲೇ ಪೋರ್ಟ್‌ಲ್ಯಾಂಡಿನ ದೊಡ್ಡ ಆಸ್ಪತ್ರೆಗೆ ಹೊರಡಬೇಕು, ಆಂಬುಲೆನ್ಸ್ ಬಾಗಿಲಲ್ಲೇ ಇದೆ.”

“ಟ್ರೋಪೋನಿನ್ ಅಂದ್ರೇನು ಅಂತ ನಮಗೆ ಪಾಠ ಮಾಡ್ತೀರಾ? ಅದನ್ನ ಅಳೆಯೋ ಕಿಟ್ ಮಾಡಿಯೇ ನಾವಿಬ್ಬರೂ ಹೊಟ್ಟೆ ಹೊರೆಯೋದು. ಅಲ್ವೇನೇ?”

ಜಿನೆಟ್ ಅವನ ಎಡಗೈಯನ್ನು ನೋಡುತ್ತಿದ್ದಳು. ಅವನು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ, ತನಗೇ ಗೊತ್ತಿಲ್ಲದೆ.

ಅವನು ಹೇಳಿದ್ದು ಸುಳ್ಳೇನಲ್ಲ. ಅವರ ಊರಾದ ಬಿಡ್ಡೆಫರ್ಡಿನಲ್ಲಿ ಸಾಕೋ ನದಿಯ ದಂಡೆಗಿರುವ ಇಟ್ಟಿಗೆಯ ಹಳೇ ಬಟ್ಟೆಗಿರಣಿಯಲ್ಲಿ ಇಬ್ಬರ ಅಜ್ಜಿಯರೂ ನೇಯ್ದವರು. ಮಗ್ಗಗಳು ಹೋದವು, ಮಹಡಿಗಳು ಉಳಿದವು, ಮೂರನೆಯ ಮಹಡಿಗೆ ಕಿಟ್ ಕಂಪನಿ ಬಂತು. ಇಬ್ಬರೂ ಹರೆಯದಲ್ಲೇ ಅಲ್ಲಿ ಸೇರಿ, ಅಲ್ಲೇ ಪ್ರೀತಿಸಿ, ಅಲ್ಲೇ ಜಗಳವಾಡಿ, ಈಗ ಅರವತ್ತರ ಹತ್ತಿರ ಬಂದಿದ್ದಾರೆ. ಅಂಗೈಯಗಲದ ಪ್ಲೇಟು, ಅದರಲ್ಲಿ ಚನ್ನೆಮಣೆಯಂತೆ ಸಾಲು ಸಾಲು ಗುಳಿ. ಗುಳಿಯ ತಳಕ್ಕೆ ಬಿಳಿ ಇಲಿಯಿಂದ ಪಡೆದ, ಟ್ರೋಪೋನಿನ್ನನ್ನೇ ಗುರುತಿಸಿ ಹಿಡಿಯುವ ಆಂಟಿಬಾಡಿ ಅಂಟಿಸಿರುತ್ತಾರೆ. ರಕ್ತದ ತಿಳಿ ಹಾಕಿದರೆ ಅದರಲ್ಲಿರುವ ಟ್ರೋಪೋನಿನ್ ಅದಕ್ಕೆ ಸಿಕ್ಕಿಬೀಳುತ್ತದೆ. ಮೇಲಿನಿಂದ ಇನ್ನೊಂದು ಇಲಿ ಆಂಟಿಬಾಡಿ ಬಂದು ಅದನ್ನು ಕಚ್ಚಿಕೊಳ್ಳುತ್ತದೆ. ಕೊನೆಗೆ ಬಣ್ಣದ ನೀರು ಬಿಟ್ಟರೆ ಟ್ರೋಪೋನಿನ್ ಇದ್ದ ಗುಳಿ ಮೊದಲು ನೀಲಿಯಾಗಿ, ಆಸಿಡ್ ತಾಗಿಸಿದ ಮೇಲೆ ಹಳದಿಯಾಗುತ್ತದೆ. ಇಲ್ಲದ ಗುಳಿ ತಿಳಿನೀರಾಗಿಯೇ ಉಳಿಯುತ್ತದೆ.

ಆದರೆ ಆಂಟಿಬಾಡಿಗಾಗಿ ಇಲಿ ಸಾಕುವ ಇಲಿಮನೆಯಲ್ಲಿ ವರ್ಷಗಟ್ಟಲೆ ದುಡಿದವರ ವಿಷಯ ಬೇರೆ. ಕಚ್ಚಿಸಿಕೊಂಡು, ಅದರ ಧೂಳು ಕುಡಿದು, ಅಂಥವರ ಮೈ ಇಲಿಯ ಮೇಲೆ ಹಗೆ ಕಟ್ಟಿಕೊಂಡುಬಿಟ್ಟಿರುತ್ತದೆ. ಇಲಿಯ ಆಂಟಿಬಾಡಿ ಎಲ್ಲಿ ಕಂಡರೂ ಹಿಡಿದುಕೊಳ್ಳುವಂಥದ್ದೊಂದು ಅವರ ರಕ್ತದಲ್ಲಿ ಹುಟ್ಟಿಕೊಂಡಿರುತ್ತದೆ. ಅದು ಗುಳಿಗೆ ಬಿದ್ದರೆ ಕೆಳಗಿನದನ್ನೂ ಮೇಲಿನದನ್ನೂ ತಾನೇ ಜೋಡಿಸಿಬಿಡುತ್ತದೆ. ಟ್ರೋಪೋನಿನ್ ಒಂದು ಚೂರೂ ಇರುವುದಿಲ್ಲ, ಗುಳಿ ಮಾತ್ರ ಹಳದಿ. ಅದಕ್ಕೇ ಕಂಪನಿಯಲ್ಲಿ ಹೊಸ ಕಿಟ್ ಮಾಡಿದಾಗಲೆಲ್ಲ ಆರೋಗ್ಯವಂತರ ಮಾದರಿ ಬೇಕೆಂದು ಎಲ್ಲರೂ ತೋಳು ಚಾಚಿ ರಕ್ತ ಕೊಟ್ಟರೂ ಲೂಸಿಯೆನ್‌ನದನ್ನು ಅದರಲ್ಲಿ ಬೆರೆಸುತ್ತಿರಲಿಲ್ಲ. ಹತ್ತು ವರ್ಷ ಇಲಿಮನೆ ನೋಡಿಕೊಂಡಿದ್ದವನು ಅವನು. ಅವನ ರಕ್ತವನ್ನು ಬೇರೆಯಾಗಿ ಫ್ರೀಜರಿನಲ್ಲಿಟ್ಟು, ಈ ಸುಳ್ಳು ಹಳದಿಯನ್ನು ತಡೆಯಲು ಕಿಟ್‌ಗೆ ಸೇರಿಸುವ ಇಲಿ ಸೀರಮ್ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಲು ಬಳಸುತ್ತಿದ್ದರು. ಇಲಿ ಸೀರಮ್ ಎಂದರೆ ಇಲಿಯ ರಕ್ತದ ತಿಳಿ; ಆ ಹಗೆ ಅದನ್ನೇ ಹಿಡಿದುಕೊಂಡು ಗುಳಿಯ ತಂಟೆಗೆ ಬರುವುದಿಲ್ಲ. ಅವನಿಗೆ ಅದೊಂದು ದೊಡ್ಡ ಹೆಮ್ಮೆ. ಯಾರಾದರೂ ಹೊಸಬರು ಸೇರಿದರೆ ಸಾಕು, “ನಾನು ಅರ್ಧ ಇಲಿ ಕಣ್ರೋ” ಎಂದು ಪರಿಚಯ ಮಾಡಿಕೊಳ್ಳುತ್ತಿದ್ದ.

ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಹೀಗೇ ಆಗಿತ್ತು. ಹೊಟ್ಟೆಯುರಿ ಅಂತ ಬಂದವನ ರಕ್ತ ನೋಡಿ, ಹೃದಯಾಘಾತ ಎಂದು ಪೋರ್ಟ್‌ಲ್ಯಾಂಡಿಗೆ ಸಾಗಿಸಿ, ಮಣಿಕಟ್ಟಿನಿಂದ ಹೃದಯದವರೆಗೆ ತಂತಿ ತೂರಿಸಿ ನೋಡಿದರು. ಏನೂ ಇರಲಿಲ್ಲ. ಇಲಿ! ಆ ಕತೆಯನ್ನು ಲೂಸಿಯೆನ್ ಚರ್ಚಿನ ಊಟದಲ್ಲಿ, ಮೀನು ಹಿಡಿಯುವಲ್ಲಿ, ಹೆಣದ ಮುಂದೆ ಸಹ ಹೇಳಿ ನಗಿಸಿದ್ದ. ಪಕ್ಕದಲ್ಲಿ ನಿಂತು ಅವನಿಗಿಂತ ಜೋರಾಗಿ ನಕ್ಕವಳು ಜಿನೆಟ್. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಚಳಿಗಾಲದ ಕಟ್ಟಿಗೆ ಒಟ್ಟುತ್ತಿದ್ದವನು ಒಂದು ತುಂಡನ್ನು ಕೈಬಿಟ್ಟು, ಅದರ ಮೇಲೇ ಕುಸಿದು ಕೂತಾಗ ಅವಳ ನಗು ಎಲ್ಲಿ ಹೋಯಿತೋ.

“ಹೋದ ಸಲದ ವಿಷಯ ನಿಮ್ಮ ಫೈಲಿನಲ್ಲಿದೆ, ಓದಿದೆ,” ಎಂದಳು ಡಾಕ್ಟರ್. “ಆಗಿನ ಮಷೀನು ಬೇರೆ, ಈಗಿನದು ಬೇರೆ. ಆ ನಂಬರಿಗೂ ಈ ನಂಬರಿಗೂ ಹೋಲಿಸೋಕಾಗಲ್ಲ. ನಿಮ್ಮ ಇಸಿಜಿ ಮೊದಲಿಂದಲೂ ಸೊಟ್ಟ, ಅದನ್ನ ನೋಡಿ ಏನೂ ಹೇಳೋ ಹಾಗಿಲ್ಲ. ಇಲಿ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ ಇಲಿ ಅಲ್ಲದಿದ್ರೆ? ನಾವಿಲ್ಲಿ ಮಾತಾಡ್ತಾ ಇರೋವಾಗಲೇ ನಿಮ್ಮ ಹೃದಯ ಸಾಯ್ತಾ ಇದ್ರೆ?”

“ಒಂದು ಸಲ ಬೇಸ್ತು ಬಿದ್ದಿದೀನಿ, ಎರಡನೇ ಸಲ ಬೀಳೋನಲ್ಲ.”

“ಲೂಸಿಯೆನ್,” ಎಂದಳು ಜಿನೆಟ್. “ಹೋಗೋಣ ಕಣೋ. ಹೋಗಿ ನೋಡಿಸ್ಕೊಂಡು ಬಂದ್ರೆ ಏನು ಗಂಟು ಹೋಗತ್ತೆ?”

“ಆ ತಂತಿ ನಿನ್ನ ಕೈಗೆ ತೂರಿಸಿದ್ರೆ ಗೊತ್ತಾಗ್ತಿತ್ತು. ಆಗ ಎರಡು ದಿನ ಜ್ವರ ಬಂದು ಸತ್ತೇ ಹೋಗ್ತಿದ್ದೆ.” ಮಾತಿನ ನಡುವೆ ಉಸಿರು ಸಿಕ್ಕಿಕೊಂಡಿತು. ಅದನ್ನು ಕೆಮ್ಮಿನಲ್ಲಿ ಮುಚ್ಚಿಹಾಕಿದ. “ಒಂದು ಕೆಲಸ ಮಾಡು. ಇವರು ಇನ್ನೊಂದು ಟ್ಯೂಬು ರಕ್ತ ತೆಗೀಲಿ. ನೀನು ಗಿರಣಿಗೆ ತಗೊಂಡು ಹೋಗಿ ನಮ್ಮ ಕಿಟ್‌ನಲ್ಲಿ ಹಾಕು. ಫ್ರೀಜರಲ್ಲಿರೋ ನನ್ನ ಹಳೇ ರಕ್ತನೂ ಪಕ್ಕದಲ್ಲೇ ಹಾಕು. ಎರಡಕ್ಕೂ ಇಲಿ ಸೀರಮ್ ಬೆರೆಸು. ಎರಡೂ ತಿಳಿನೀರಾದ್ರೆ ನಾನು ಮನೆಗೆ ಬಂದು ಬೀನ್ಸ್ ತಿಂತೀನಿ. ಇವತ್ತಿಂದು ಹಳದಿ ಬಂದ್ರೆ ಎಲ್ಲಿಗೆ ಬೇಕಾದ್ರೂ ಹೊತ್ಕೊಂಡು ಹೋಗ್ಲಿ, ಬಾಯಿ ಬಿಡಲ್ಲ.”

ಡಾಕ್ಟರ್ ಜಿನೆಟ್‌ಳನ್ನು ಪರದೆಯ ಆಚೆ ಕರೆದಳು. “ನಿಮ್ಮ ಕಿಟ್ ರೋಗಿಗಳಿಗೆ ಅಲ್ಲ, ಸಂಶೋಧನೆಗೆ. ನಾನು ಅದರ ಉತ್ತರ ನಂಬೋ ಹಾಗಿಲ್ಲ. ಆದ್ರೆ ಅವರು ನಂಬ್ತಾರೆ. ಅವರ ಒಪ್ಪಿಗೆ ಇಲ್ದೆ ನಾನು ಎತ್ಕೊಂಡು ಹೋಗೋಕಾಗಲ್ಲ. ನೀವು ಏನು ಮಾಡಿದ್ರೆ ಅವರು ಆ ಗಾಡಿ ಹತ್ತುತಾರೋ ಅದನ್ನ ಮಾಡಿ. ಬೇಗ ಮಾಡಿ.”

ಆಗಲೇ ಜಿನೆಟ್ ಒಳಗೆ ಹೋಗಿ, ಏಳೋ ಕತ್ತೆ ಎಂದು ಗಂಡನ ಕಾಲರ್ ಹಿಡಿದು ಎಬ್ಬಿಸಬೇಕಾಗಿತ್ತು. ಆದರೆ ಅವಳು ಹೊಸದಾಗಿ ತೆಗೆದ ರಕ್ತದ ಟ್ಯೂಬನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾರಿಗೆ ಓಡಿದಳು. ಏಕೆಂದರೆ ಅವಳೂ ಕಿಟ್ ಮಾಡುವವಳೇ. ಜಗತ್ತಿನಲ್ಲಿ ಏನೇ ಅನುಮಾನ ಬಂದರೂ ಪ್ಲೇಟಿಗೆ ಹಾಕಿ ನೋಡುವುದೊಂದೇ ಅವಳಿಗೆ ಗೊತ್ತಿದ್ದ ದಾರಿ. ಮತ್ತೆ, ನಿಜ ಹೇಳಬೇಕೆಂದರೆ, ಇಲಿಯೇ ಆಗಿರಲಪ್ಪಾ ದೇವರೇ ಎಂದು ಅವಳ ಜೀವ ಬಾಯಿ ಬಿಡುತ್ತಿತ್ತು. ಎರಡು ವರ್ಷದಿಂದ ಹೇಳಿ ನಕ್ಕ ಕತೆಯಲ್ಲಿ ಅವಳಿಗೂ ಅಷ್ಟು ನಂಬಿಕೆ.

ಶನಿವಾರದ ಗಿರಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೂರನೆಯ ಮಹಡಿಯ ದೀಪಗಳು ಒಂದೊಂದಾಗಿ ಮಿಣುಕುತ್ತಾ ಹತ್ತಿಕೊಂಡವು. ಅವಳು ಕೋಟು ತೆಗೆಯಲಿಲ್ಲ. ಟ್ಯೂಬನ್ನು ತಿರುಗಿಸುವ ಯಂತ್ರಕ್ಕೆ ಹಾಕಿ ರಕ್ತ ಕೆಳಗಿಳಿದು ತಿಳಿ ಮೇಲೆ ನಿಲ್ಲುವವರೆಗೂ ಅದರ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಳು. ಫ್ರೀಜರಿನಿಂದ ಗಂಡನ ಹಳೇ ರಕ್ತದ ಪುಟ್ಟ ಸೀಸೆ ತೆಗೆದು ಕಂಕುಳಲ್ಲಿಟ್ಟು ಕರಗಿಸಿದಳು. ಹಾಗೆ ಮಾಡಬಾರದು. ಬೇರೆ ಯಾರಾದರೂ ಮಾಡಿದ್ದರೆ ಗಂಟಲು ಹರಿಯುವಂತೆ ಕೂಗಾಡುತ್ತಿದ್ದಳು.

ಹನಿಯನ್ನು ಅಳೆದು ಹೀರಿ ಹಾಕುವ ಪಿಪೆಟ್ ಕೈಗೆತ್ತಿಕೊಂಡಳು. ಜೀವಮಾನದಲ್ಲಿ ಲಕ್ಷಾಂತರ ಗುಳಿ ತುಂಬಿದವಳು ಇವತ್ತು ಹೊಸಬಳಂತೆ ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಹಳೆಯದನ್ನು ಹಾಗೆಯೇ ಎರಡು ಗುಳಿಗೆ, ಇಲಿ ಸೀರಮ್ ಬೆರೆಸಿ ಎರಡು ಗುಳಿಗೆ ಹಾಕಿದಳು. ಇವತ್ತಿನದನ್ನೂ ಅದೇ ರೀತಿ ನಾಲ್ಕು ಗುಳಿಗೆ. ಮೇಲೆ ಹಾಳೆ ಅಂಟಿಸಿ ಅಲುಗಾಡಿಸುವ ಯಂತ್ರದ ಮೇಲಿಟ್ಟಳು. ಇನ್ನು ಒಂದು ಗಂಟೆ ನೆನೆಯಬೇಕು. ಆಮೇಲೆ ತೊಳೆದು, ಎರಡನೇ ಆಂಟಿಬಾಡಿ ಹಾಕಿ ಮತ್ತೊಂದು ಗಂಟೆ. ಮತ್ತೆ ತೊಳೆದು ಬಣ್ಣದ ನೀರು. ಈ ಅಳತೆಗಳನ್ನೆಲ್ಲ ಗೊತ್ತುಮಾಡಿದವನೇ ಲೂಸಿಯೆನ್. ಅವಸರ ಮಾಡಿದರೆ ಪ್ಲೇಟು ಸುಳ್ಳು ಹೇಳುತ್ತದೆ ಎಂದು ಅವನೇ ಕಲಿಸಿದ್ದು.

ಕಾಯುವಾಗ ಹೆದರಿಕೆ ಮೈಯೆಲ್ಲ ಹರಿದಾಡತೊಡಗಿತು. ಮನೆಯಲ್ಲಿ ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತಲ್ಲ, ಆರಿಸಿದೆನೋ ಇಲ್ಲವೋ? ಮನೆ ಹೊತ್ತಿ ಉರಿದರೂ ಪರವಾಗಿಲ್ಲ ಅನ್ನಿಸಿತು. ಗಿರಣಿಯ ಕಿಟಕಿಯಿಂದ ಕೆಳಗೆ ನದಿ, ಅಣೆಕಟ್ಟಿನಿಂದ ಧುಮುಕುವ ನೀರಿನ ಸದ್ದು. ಆ ಸದ್ದಿನೊಳಗೆ ಫೋನು ಬಂದರೆ ಕೇಳಿಸದೆ ಹೋದೀತೆಂದು ಅದನ್ನು ಕೈಯಲ್ಲೇ ಹಿಡಿದುಕೊಂಡಳು. ಎದ್ದಳು, ಕೂತಳು. ಪ್ಲೇಟನ್ನು ನೋಡಿದಳು. ಗುಳಿಯಲ್ಲಿ ಏನೂ ಕಾಣುವುದಿಲ್ಲ, ಕಾಣುವ ಹೊತ್ತೂ ಅದಲ್ಲ.

ಒಂದು ಗಂಟೆ ಕಳೆದು, ತೊಳೆದು, ಎರಡನೇ ಆಂಟಿಬಾಡಿ ಹಾಕಿ ಮುಗಿಸಿದಾಗ ತಾನೇ ಫೋನು ಮಾಡಿದಳು. ಲೂಸಿಯೆನ್ ತುಂಬ ಹೊತ್ತಿನ ಮೇಲೆ ಎತ್ತಿದ.

“ಏನಾಯ್ತು?” ಎಂದ.

“ನೀನು ಹೇಗಿದೀಯ?”

“ಇಲ್ಲಿ ಊಟ ಕೊಡಲ್ವಂತೆ. ಹಸಿವು. ಸರಿಯಾಗಿ ತೊಳೆದ್ಯಾ? ಪ್ರತಿಸಲ ಬಗ್ಗಿಸಿ ತಟ್ಟಿದ್ಯಾ? ನೀರು ಉಳಿದ್ರೆ...” ಮಾತು ಅಲ್ಲಿಗೇ ನಿಂತಿತು.

“ಲೂಸಿಯೆನ್?”

“ಏನಿಲ್ಲ ಕಣೇ. ಕಟ್ಟಿಗೆ ಎತ್ತಿದ್ದಕ್ಕೆ ದವಡೆ ಎಲ್ಲ ನೋಯ್ತಿದೆ.”

ಕಟ್ಟಿಗೆ ಎತ್ತಿದ್ದಕ್ಕೆ ಯಾರಿಗಾದರೂ ದವಡೆ ನೋಯುತ್ತದೆಯೇ! ಹೃದಯದ ನೋವು ದವಡೆಗೆ ಏರುತ್ತದೆಂದು ಜಿನೆಟ್‌ಗೆ ಗೊತ್ತಿತ್ತು. ಆ ಕ್ಷಣ ಅವಳಿಗೆ ತಾನು ಏನು ಮಾಡುತ್ತಿದ್ದೇನೆಂಬುದು ಹೊಳೆಯಿತು. ಈ ಗುಳಿಯಲ್ಲಿ ಟ್ರೋಪೋನಿನ್ ಇದ್ದರೆ ಅದು ಎಲ್ಲಿಂದ ಬಂದದ್ದು? ಅವನ ಹೃದಯ ಒಡೆದು ಸೋರಿದ್ದು. ಅದು ಸೋರಿದೆಯೇ ಎಂದು ನೋಡಲು ತಾನಿಲ್ಲಿ ಒಂದೊಂದು ಗಂಟೆ ನೆನೆಹಾಕಿಕೊಂಡು ಕೂತಿದ್ದೇನೆ, ಅಲ್ಲಿ ಅದು ಸೋರುತ್ತಲೇ ಇದೆ. ಬಣ್ಣ ಬರುವ ಹೊತ್ತಿಗೆ ಅಳೆಯಲು ಮನುಷ್ಯನೇ ಇಲ್ಲದೆ ಹೋದರೆ? ಅಯ್ಯೋ, ನನ್ನ ಬುದ್ಧಿಗಿಷ್ಟು! ಎಷ್ಟು ಹೊತ್ತು ಹಾಳುಮಾಡಿಬಿಟ್ಟೆ!

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಮೂರನೆಯ ಮಹಡಿಯಲ್ಲಿ ಜಿನೆಟ್ ಎಂದರೆ ಎಲ್ಲರಿಗೂ ಸ್ವಲ್ಪ ಹೆದರಿಕೆ. ಬಣ್ಣದ ಗಾಢತೆ ಅಳೆಯುವ ಯಂತ್ರ ಓದಿ ಮುಗಿಸುವ ಮುಂಚೆ ಅವಳ ಬಾಯಿಂದ ಒಂದು ನಂಬರು ಹೊರಡಿಸಿದವರಿಲ್ಲ. ಮಾಲೀಕನೇ ಬಂದು, “ಸುಮ್ನೆ ಒಂದು ಅಂದಾಜು ಹೇಳಿ ತಾಯಿ, ಫೋನಲ್ಲಿ ಗಿರಾಕಿ ಕಾಯ್ತಿದಾರೆ” ಎಂದು ಕೈಮುಗಿದರೂ, “ಕಾಯ್ಲಿ” ಎಂದು ಬೆನ್ನು ತಿರುಗಿಸಿದವಳು. ಬಣ್ಣ ಬರುವ ಮೊದಲೇ ಬಂತೆನ್ನುವುದು, ಇಲ್ಲದ ಅಂಕಿಯನ್ನು ಇದೆಯೆನ್ನುವುದು ಅವಳ ಪಾಲಿಗೆ ಕಳ್ಳತನಕ್ಕಿಂತ ಕೀಳು.

“ಹಳದಿ ಬಂತು,” ಎಂದಳು.

ಅವಳ ಕಣ್ಣೆದುರಿಗೆ ಪ್ಲೇಟು ಮೆಲ್ಲಗೆ ಅಲುಗುತ್ತಿತ್ತು. ಬಣ್ಣದ ನೀರಿನ ಬಾಟಲಿ ಇನ್ನೂ ಫ್ರಿಜ್ಜಿನಲ್ಲೇ ಇತ್ತು.

“ಹಳೇದು?” ಎಂದ ಲೂಸಿಯೆನ್.

“ಹಳೇದಕ್ಕೆ ಇಲಿ ಸೀರಮ್ ಹಾಕಿದ್ದು ತಿಳಿನೀರು. ಇವತ್ತಿಂದು ಹಾಕಿದ್ರೂ ಹಳದಿ. ಎರಡು ಗುಳಿಯಲ್ಲೂ.”

“ಎಷ್ಟು ಬಂತು?”

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. “ಎರಡು ಪಾಯಿಂಟ್ ಒಂದು,” ಎಂದಳು. “ಇನ್ನೊಂದು ಎರಡು ಪಾಯಿಂಟ್ ಎರಡು. ಲೂಸಿಯೆನ್, ಇಲಿ ಅಲ್ಲ ಕಣೋ. ನಿನ್ನ ದಮ್ಮಯ್ಯ ಅಂತೀನಿ, ಹೊರಡು.”

ಅವನು ಫೋನನ್ನು ಬಾಯಿಂದ ದೂರ ಮಾಡಿ ಹೇಳುವುದು ಕೇಳಿಸಿತು: “ಡಾಕ್ಟರೇ, ಹೋಗೋಣ. ನಡೀರಿ.” ಫೋನು ಕಟ್ಟಾಯಿತು.

ಜಿನೆಟ್ ಪ್ಲೇಟನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಮುಂದೆ ಪೋರ್ಟ್‌ಲ್ಯಾಂಡಿನಲ್ಲಿ ಹೃದಯದ ರಕ್ತನಾಳ ಬಿಡಿಸಿದ ಡಾಕ್ಟರು, ದೊಡ್ಡ ನಾಳವೇ ಮುಚ್ಚಿಹೋಗುವುದರಲ್ಲಿತ್ತು, ಇನ್ನೊಂದಿಷ್ಟು ತಡವಾಗಿದ್ದರೆ ನಮ್ಮ ಕೈಯಲ್ಲಿರಲಿಲ್ಲ ಎಂದರು. ಅದು ಸಂಜೆಯ ಮಾತು. ಆಗ ಅವಳಿಗೆ ಏನು ಗೊತ್ತಿತ್ತು? ಒಂದು ವೇಳೆ ಇಲಿಯೇ ಆಗಿದ್ದರೆ, ಸುಳ್ಳು ಹೇಳಿ ಗಂಡನ ಹೃದಯಕ್ಕೆ ಎರಡನೇ ಸಲ ತಂತಿ ತೂರಿಸಲು ಕಳಿಸಿದವಳು ತಾನು. ಇಲಿ ಅಲ್ಲದಿದ್ದರೆ, ಆಗಲೇ ಕಳಿಸಬೇಕಾದವನನ್ನು ಇಷ್ಟು ಹೊತ್ತು ತಡೆದವಳೂ ತಾನೇ. ಯಾವುದಕ್ಕೆ ಹೆದರಬೇಕೆಂದು ಗೊತ್ತಾಗದೆ ಎರಡಕ್ಕೂ ಹೆದರುತ್ತಾ, ಕೆಂಪು ದೀಪವನ್ನೂ ಲೆಕ್ಕಿಸದೆ ಕಾರು ಓಡಿಸಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದಳು.

ಆಂಬುಲೆನ್ಸಿನ ಹಿಂಬಾಗಿಲು ಇನ್ನೂ ತೆರೆದಿತ್ತು. ಸ್ಟ್ರೆಚರಿಗೆ ಬೆಲ್ಟು ಬಿಗಿಯುತ್ತಿದ್ದರು. ಲೂಸಿಯೆನ್‌ನ ಮೂಗಿಗೆ ಆಮ್ಲಜನಕದ ನಳಿಕೆ, ತುಟಿ ಬೂದಿಬಣ್ಣ. ಅವಳನ್ನು ನೋಡಿ ಬೆರಳು ಆಡಿಸಿ ಹತ್ತಿರ ಕರೆದ. ಅವಳು ಬಗ್ಗಿದಳು.

“ಬಣ್ಣದ ನೀರು ಹಾಕೇ ಇರ್ಲಿಲ್ಲ, ಅಲ್ವಾ?” ಎಂದ.

ಹಾಕಿರಲಿಲ್ಲವೆಂದು ಅವಳು ತಲೆಯಾಡಿಸಿದಳು.

“ನಾನು ಮಾಡಿದ ಕಿಟ್ ಕಣೇ ಅದು. ಅಷ್ಟು ಬೇಗ ಹಳದಿ ಬರೋ ಹಾಗಿದ್ರೆ ನಾವು ಯಾವತ್ತೋ ಸಾಹುಕಾರರಾಗಿಬಿಡ್ತಿದ್ವಿ.”

“ಹಾಗಾದ್ರೆ ಗೊತ್ತಿದ್ದೂ ಯಾಕೋ ಒಪ್ಕೊಂಡೆ?” ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

ಅವನ ಮುಖದಲ್ಲಿ ನಗುವಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಮುಖವನ್ನು ನಗುವಿಲ್ಲದೆ ಇಷ್ಟು ಹತ್ತಿರದಿಂದ ಅವಳು ಕಂಡೇ ಇರಲಿಲ್ಲ. “ನೀನು ಇಲ್ಲದ ನಂಬರ್ ಹೇಳಿದೆ,” ಎಂದ. “ನೀನು, ಜಿನೆಟ್! ಪಾಯಿಂಟ್ ಸಮೇತ ಹೇಳಿದೆ. ಎಷ್ಟು ಹೆದರಿದ್ರೆ ನೀನು ಹಾಗೆ ಮಾಡ್ತೀಯ ಅಂತ ಯೋಚ್ನೆ ಮಾಡ್ದೆ. ಆಗ ನನಗೂ ಹೆದರಿಕೆ ಶುರುವಾಯ್ತು. ಈಗ ತುಂಬಾ ಹೆದರಿಕೆ ಆಗ್ತಿದೆ ಕಣೇ.”

ಅವನ ಕೈ ಅವಳ ಕೋಟಿನ ತೋಳನ್ನು ಹಿಡಿದಿತ್ತು. ಸ್ಟ್ರೆಚರ್ ಒಳಗೆ ಜಾರಿದರೂ ಬಿಡಲಿಲ್ಲ.

“ನನ್ನ ಜೊತೆ ಬಾ,” ಎಂದ. “ಒಬ್ಬನೇ ಹೋಗಕ್ಕಾಗಲ್ಲ.”

ಅವಳು ಕಾರನ್ನು ಬಾಗಿಲಿಗೆ ಅಡ್ಡವಾಗಿಯೇ ಬಿಟ್ಟು, ಬೀಗದ ಕೈಯನ್ನು ಡಾಕ್ಟರ್ ಹ್ಯಾಸ್ಕೆಲ್‌ಳ ಕೈಗೆ ತುರುಕಿ, ಒಳಗೆ ಹತ್ತಿ ಅವನ ತಲೆಯ ಪಕ್ಕದಲ್ಲಿ ಕೂತಳು.